ಏಕವಚನ

ತಾರೀಕು 4, ಸೋಮವಾರ

ಇವಳು ಬೆಳಗಿನ ಬಸ್ಸಿಗೆ ಹೋದಳು. ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆಗಿ, ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವವರೆಗೂ ಇವಳು ಅಲ್ಲೇ ಇರಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ಮಗುವನ್ನು ಎಲ್ಲಿ ಮಲಗಿಸುವುದು? ಹಾಗಾಗಿ ಇವಳ ಮಗಳು ಇಲ್ಲೇ, ನನ್ನ ಜೊತೆ. ಹಗಲು ಹೊತ್ತು ಕೆಳಗಿನ ಮನೆಯ ದರ್ಜಿಯಮ್ಮ ನೋಡಿಕೊಳ್ಳುತ್ತಾರೆ. ಸಂಜೆಯಿಂದ ಬೆಳಗಿನವರೆಗೆ ನಾನು.

ಮದುವೆಯಾಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಾವಿಬ್ಬರೇ ಮನೆಯಲ್ಲಿ ಇದ್ದದ್ದೆಂದರೆ ಇವಳು ಅಂಗಡಿಗೆ ಹೋಗಿ ಬರುವಷ್ಟು ಹೊತ್ತು. ಆಗ ಹುಡುಗಿ ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ, ಇಬ್ಬರೂ ಬಾಗಿಲ ಕಡೆಗೆ ಕಿವಿ ಇಟ್ಟುಕೊಂಡು ಕೂರುತ್ತಿದ್ದೆವು.

ಅವಳಪ್ಪ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷವಂತೆ. ಈಗ ಒಂಬತ್ತು. ಮದುವೆಗೆ ಮುಂಚೆ ನನ್ನನ್ನು ಅಂಕಲ್ ಅನ್ನುತ್ತಿದ್ದಳು. ಮದುವೆಯಾದ ಮೇಲೆ ಅಂಕಲ್ ಅನ್ನಬಾರದು ಎಂದು ಯಾರೋ ಹೇಳಿಕೊಟ್ಟರು. ಅಪ್ಪ ಅನ್ನುವುದು ಬಾಯಿಗೆ ಬರಲಿಲ್ಲ. ಹಾಗಾಗಿ ಎರಡೂ ಹೋಗಿ ಈಗ ಈ ಮನೆಯಲ್ಲಿ ನನ್ನ ಹೆಸರು 'ಅದೂ'. "ಅದೂ... ಊಟಕ್ಕೆ ಬರಬೇಕಂತೆ." "ಅದೂ... ಫೋನ್ ಬಂದಿದೆ." ನೀವು ಎನ್ನದೆ ಗತಿಯಿಲ್ಲ ಎಂದಾಗ ನೀವು ಅನ್ನುತ್ತಾಳೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಸ್ವಲ್ಪ ಸರಿಯಲು ಹೇಳಿದ ಹಾಗೆ.

ಹೊರಡುವಾಗ ಇವಳು, "ಇಬ್ರೂ ಜಗಳ ಆಡ್ಬೇಡಿ" ಅಂದಳು. ಜಗಳ ಆಡುವಷ್ಟು ಸಲುಗೆ ಎಲ್ಲಿಂದ ತರುವುದು?

ಲಿಫ್ಟ್ ಮೆಕ್ಯಾನಿಕ್ ಆದವನು ದಿನಾ ಲಾಗ್ ಬುಕ್ ಬರೆಯಬೇಕು. ಯಾವ ಕಟ್ಟಡ, ಏನು ಸದ್ದು, ಏನು ಸರಿಮಾಡಿದೆ. ಮನೆಯ ಸಂಗತಿಗೆ ಅಂಥದ್ದೇನೂ ಬೇಕಿರಲಿಲ್ಲ, ಊಟ ಮಾಡುತ್ತಾ ಇವಳಿಗೆ ಹೇಳಿದರೆ ಮುಗಿಯುತ್ತಿತ್ತು. ಇನ್ನು ಕೆಲವು ವಾರ ಕಂಪನಿಯವರು ಕೊಟ್ಟ ಈ ಡೈರಿಗೆ ಹೇಳಿಕೊಳ್ಳುತ್ತೇನೆ.

ತಾರೀಕು 5, ಮಂಗಳವಾರ

ಅನ್ನ ತಳ ಹಿಡಿಯಿತು. ಆಲೂಗಡ್ಡೆಗೆ ಉಪ್ಪು ಎರಡು ಸಲ ಬಿತ್ತು. ಇವಳ ಮಗಳು ಸದ್ದಿಲ್ಲದೆ ತಟ್ಟೆ ಖಾಲಿ ಮಾಡಿದಳು.

"ಹೇಗಿದೆ?"

"ಚೆನ್ನಾಗಿದೆ."

"ಇನ್ನಷ್ಟು ಹಾಕ್ಲಾ?"

"ಸಾಕು. ಥ್ಯಾಂಕ್ಸ್."

ಇದೇ ಹುಡುಗಿ ಅಮ್ಮನ ಅಡುಗೆಯಲ್ಲಿ ಉಪ್ಪು ಚೂರು ಹೆಚ್ಚಾದರೆ ಮನೆಯನ್ನೇ ತಲೆಕೆಳಗು ಮಾಡುತ್ತಾಳೆ. "ಏನಮ್ಮಾ ಇದು, ನೀನೇ ತಿನ್ನು" ಎಂದು ತಟ್ಟೆ ದೂಡುತ್ತಾಳೆ. ನನ್ನ ಮುಂದೆ ಎಂಥ ಶಿಸ್ತು! ಗೌರವ ಕೊಡುವುದು ಗೊತ್ತಿದೆ ಎಂದು ಖುಷಿಯಾಯಿತು.

ಪಾತ್ರೆ ನಾನು ತೊಳೆದೆ, ಅವಳು ಒರೆಸಿದಳು. ಒಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮತ್ತೆ ಸಿಂಕಿನಲ್ಲಿಟ್ಟಳು. ವರ್ಷಕ್ಕೊಮ್ಮೆ ನಮ್ಮ ಲಿಫ್ಟುಗಳನ್ನು ತಪಾಸಣೆ ಮಾಡಲು ಇನ್‌ಸ್ಪೆಕ್ಟರ್ ಬರುತ್ತಾರೆ. ಅವರೂ ಹೀಗೇ, ಬಾಯಿ ಬಿಡುವುದಿಲ್ಲ, ಬೆರಳಲ್ಲಿ ಕಂಬಿಯನ್ನು ಸವರಿ ಬೆರಳು ನೋಡಿಕೊಳ್ಳುತ್ತಾರೆ. ನಾನು ಲೋಟವನ್ನು ಇನ್ನೊಮ್ಮೆ ತೊಳೆದೆ.

ತಾರೀಕು 7, ಗುರುವಾರ

ಇವಳು ಫೋನಿನಲ್ಲಿ, "ಹೋಮ್‌ವರ್ಕ್ ಎಲ್ಲಿಗೆ ಬಂತು ಕೇಳಿ" ಅಂದಳು. ಕೇಳಿದೆ. ನಮ್ಮ ಮನೆಯ ಈ ಇನ್‌ಸ್ಪೆಕ್ಟರ್ ಸಾಹೇಬರು ಮೊದಲ ಬಾರಿಗೆ ತಲೆ ತಗ್ಗಿಸಿದರು.

ಮಂಚದ ಕೆಳಗಿನಿಂದ ಶಾಲೆಯ ಚೀಲ ಹೊರಬಂತು. ರಜೆ ಬಿಟ್ಟ ದಿನ ಹಾಕಿದ ಜಿಪ್ಪು ಇನ್ನೂ ತೆಗೆದಿರಲಿಲ್ಲ. ಒಳಗೆ ಅರ್ಧ ತಿಂದ ಬ್ರೆಡ್ಡು ಕಲ್ಲಾಗಿ ಕೂತಿತ್ತು, ತೆಗೆಯಲು ಸ್ಕ್ರೂಡ್ರೈವರ್ ಬೇಕಾಯಿತು. ಅದರಡಿ ರಜೆಯ ಕೆಲಸದ ಹಾಳೆ. ಲೆಕ್ಕಗಳು, ಮಗ್ಗಿ, ಬಗೆಬಗೆಯ ಎಲೆಗಳನ್ನು ಒಣಗಿಸಿ ಅಂಟಿಸುವುದು, 'ನಾನು ನೋಡಿದ ವಸ್ತುಪ್ರದರ್ಶನ' ಎಂಬ ಪ್ರಬಂಧ, ಮತ್ತು ಚಲಿಸುವ ಒಂದು ಮಾದರಿ. ಬರುವ ತಿಂಗಳ ಒಂದರಂದು ಶಾಲೆ.

"ಇಷ್ಟು ದಿನ ಯಾಕೆ ಮುಟ್ಟಲಿಲ್ಲ?"

"ಆಗ ತುಂಬಾ ದಿನ ಇತ್ತು."

ಈ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಕಂಪನಿಯಲ್ಲಿ ನಾವೂ ಹೀಗೇ ಮಾಡುವುದು.

ಮಾದರಿಯ ಬಗ್ಗೆ ಕೇಳಿದೆ. ಗಾಳಿಯಂತ್ರವಂತೆ, ಎಲ್ಲರೂ ಅದನ್ನೇ ತರುತ್ತಾರಂತೆ. "ಲಿಫ್ಟ್ ಮಾಡಿದ್ರೆ ಹೇಗೆ?" ಅಂದೆ. ತಲೆ ಎತ್ತಿ ನೋಡಿದಳು.

"ನಿಜವಾಗ್ಲೂ ಮೇಲೆ ಕೆಳಗೆ ಹೋಗತ್ತಾ?"

"ಹೋಗ್ಲಿಲ್ಲ ಅಂದ್ರೆ ನಾನು ಕೆಲಸಾನೇ ಬಿಟ್ಬಿಡ್ತೀನಿ."

ನಕ್ಕಳು. ಹಲ್ಲಿನ ಸಾಲಲ್ಲಿ ಒಂದು ಕಿಂಡಿ ಇರುವುದು ನನಗೆ ಇಂದೇ ಗೊತ್ತಾದದ್ದು.

ತಾರೀಕು 10, ಭಾನುವಾರ

ಪ್ರಬಂಧ ಬರೆಯಬೇಕಾದರೆ ಪ್ರದರ್ಶನ ನೋಡಬೇಕಲ್ಲ. ಸಂಜೆ ಮೈದಾನಕ್ಕೆ ಹೋದೆವು. ಬೇಸಿಗೆ ಮುಗಿಯುತ್ತಾ ಬಂತೆಂದು ಊರಿಗೆ ಊರೇ ಅಲ್ಲಿತ್ತು. ಧೂಳು, ಪಾಪ್‌ಕಾರ್ನು, ಮೈಕಿನಲ್ಲಿ ಕಳೆದುಹೋದ ಮಕ್ಕಳ ವಿವರ. ಇನ್‌ಸ್ಪೆಕ್ಟರ್‌ಗೆ ನಾನು ಕೈ ಚಾಚಿದೆ. ಅವಳು ನನ್ನ ಚೀಲದ ಪಟ್ಟಿಯನ್ನು ಹಿಡಿದುಕೊಂಡಳು. ಅದೂ ಆಗಬಹುದು.

ಕನ್ನಡಿ ಮನೆಯಲ್ಲಿ ನಾನು ಡ್ರಮ್ಮಿನಂತೆ, ಅವಳು ಪೆನ್ಸಿಲಿನಂತೆ ಕಂಡೆವು. ಬಳೆ ಎಸೆಯುವ ಆಟದಲ್ಲಿ ನನಗೊಂದು ಸೋಪು ಸಿಕ್ಕಿತು. ಕಾಟನ್ ಕ್ಯಾಂಡಿ ಅವಳ ಮೂಗಿಗೆ ಅಂಟಿತು. ಎಲ್ಲ ಸುಸೂತ್ರವಾಗಿತ್ತು, ಜಾಯಿಂಟ್ ವೀಲ್ ಹತ್ತಿರ ಬರುವವರೆಗೆ.

ನನ್ನ ಕಣ್ಣು ಎಂಥದ್ದೆಂದರೆ, ಎಲ್ಲರೂ ದೀಪ ನೋಡುವಾಗ ನಾನು ಬೋಲ್ಟು ನೋಡುತ್ತೇನೆ. ಚಕ್ರ ತಿರುಗುವಾಗ ಪ್ರತಿ ಸುತ್ತಿಗೂ ಒಂದೇ ಕಡೆ ಕಿರ್ರ್ ಎನ್ನುತ್ತಿತ್ತು. ನಡೆಸುವವನ ಹತ್ತಿರ ಹೋಗಿ ಯಾವಾಗ ಗ್ರೀಸ್ ಹಾಕಿದ್ದು, ಬೇರಿಂಗ್ ಬದಲಾಯಿಸಿ ಎಷ್ಟು ದಿನವಾಯಿತು ಎಂದು ವಿಚಾರಿಸಿದೆ. ಅವನು ಒಳ್ಳೆಯ ಮನುಷ್ಯ, ಎರಡು ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಟ್ಟ. ಮೂರನೆಯದಕ್ಕೆ, "ಸ್ವಾಮಿ, ಹತ್ತೋದಾದ್ರೆ ಹತ್ತಿ. ಇಲ್ಲ, ಇಲ್ಲೇ ಕೆಲಸಕ್ಕೆ ಸೇರ್ಕೊಳ್ಳಿ" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಇನ್‌ಸ್ಪೆಕ್ಟರ್ ನನ್ನ ಚೀಲದ ಪಟ್ಟಿಯನ್ನು ಬಿಟ್ಟು, ತಾನು ಬೇರೆ ಯಾರ ಜೊತೆಗೋ ಬಂದವಳ ಹಾಗೆ ಆ ಕಡೆ ತಿರುಗಿ ನಿಂತಳು.

ಹತ್ತಿದೆವು. ಎಲ್ಲಕ್ಕಿಂತ ಮೇಲೆ ಹೋದಾಗ ಜನರನ್ನು ಹತ್ತಿಸಿಕೊಳ್ಳಲು ಚಕ್ರ ನಿಂತಿತು. ನಮ್ಮ ತೊಟ್ಟಿಲು ಗಾಳಿಗೆ ಓಲಾಡುತ್ತಿತ್ತು. ದಿನಾ ಹನ್ನೆರಡು ಮಹಡಿಯ ಲಿಫ್ಟಿನ ಬಾವಿಯಲ್ಲಿ ನಿಂತು ಕೆಲಸ ಮಾಡುವ ನನಗೆ ಜೀವ ಬಾಯಿಗೆ ಬಂತು. ಅಲ್ಲಿ ಹಗ್ಗ ನನ್ನದು, ಬ್ರೇಕು ನನ್ನದು. ಇಲ್ಲಿ ನನ್ನದು ಏನೂ ಇಲ್ಲ. ಕಣ್ಣು ಮುಚ್ಚಿ ಕಂಬಿಯನ್ನು ಅವುಚಿಕೊಂಡೆ. ಸ್ವಲ್ಪ ಹೊತ್ತಿಗೆ ತೋಳಿನ ಮೇಲೆ ಒಂದು ಪುಟ್ಟ ಕೈ ಬಂದು ಕೂತಿತು. ಕಾಟನ್ ಕ್ಯಾಂಡಿಯ ಅಂಟು ಇನ್ನೂ ಇತ್ತು ಅದರಲ್ಲಿ.

"ಅದೂ... ಭಯ ಆಗ್ತಿದೆಯಾ?"

"ಭಯ ಅಲ್ಲ. ಗ್ರೀಸ್ ಹಾಕಿಲ್ಲ ಇವ್ರು."

ಎಷ್ಟು ನಕ್ಕಳೆಂದರೆ ತೊಟ್ಟಿಲು ಇನ್ನೂ ಜಾಸ್ತಿ ಅಲ್ಲಾಡಿತು. ಅಲ್ಲಾಡಲಿ ಅನ್ನಿಸಿತು.

ತಾರೀಕು 13, ಬುಧವಾರ

ಈಗ ಮನೆಯಲ್ಲಿ ಎಲ್ಲದಕ್ಕೂ ಗ್ರೀಸಿನದೇ ಮಾತು. ಬಾಗಿಲು ಕಿರುಗುಟ್ಟಿದರೆ "ಗ್ರೀಸ್ ಹಾಕಿಲ್ಲ." ನಾನು ಏಳುವಾಗ ಮಂಡಿ ಲಟಕ್ಕೆಂದರೆ "ಗ್ರೀಸ್ ಹಾಕಿಲ್ಲ." ದರ್ಜಿಯಮ್ಮ ಸೀನಿದರೂ ಅದೇ. ಅವರಿಗೆ ಅರ್ಥವಾಗಲಿಲ್ಲ, ನಾವು ಹೇಳಲೂ ಇಲ್ಲ.

ಲಿಫ್ಟಿನ ಕೆಲಸ ಶುರು. ಬೂಟಿನ ಡಬ್ಬಿ ನಿಲ್ಲಿಸಿದರೆ ಕಟ್ಟಡ. ಬೆಂಕಿಪೊಟ್ಟಣ ಜನ ನಿಲ್ಲುವ ಗೂಡು. ದರ್ಜಿಯಮ್ಮ ಕೊಟ್ಟ ಖಾಲಿ ದಾರದುಂಡೆ ಮೇಲಿನ ಗಾಲಿ. ಗೂಡು ಹತ್ತುವಾಗ ಇನ್ನೊಂದು ಕಡೆ ಒಂದು ಭಾರ ಇಳಿಯಬೇಕು, ಆಗಲೇ ಅದು ಹಗುರವಾಗಿ ಹತ್ತುವುದು ಎಂದು ವಿವರಿಸಿದೆ. ಇನ್‌ಸ್ಪೆಕ್ಟರ್ ಯೋಚಿಸಿ, ಅರ್ಧ ರಬ್ಬರಿಗೆ ತನ್ನ ಕೂದಲ ಕ್ಲಿಪ್ಪುಗಳನ್ನೆಲ್ಲ ಸಿಕ್ಕಿಸಿ ಭಾರ ಮಾಡಿದಳು. ಬೆಂಕಿಪೊಟ್ಟಣದ ಒಳಗೆ ಬೆಳ್ಳಿ ಕಾಗದದ ಕನ್ನಡಿ ಅಂಟಿಸಿದಳು. "ಲಿಫ್ಟಲ್ಲಿ ಎಲ್ರೂ ತಲೆ ಬಾಚ್ಕೋತಾರಲ್ಲ" ಅಂದಳು. ಇಪ್ಪತ್ತು ವರ್ಷದಿಂದ ಲಿಫ್ಟಿನಲ್ಲಿರುವ ನನಗೆ ಅದು ಹೊಳೆದಿರಲಿಲ್ಲ.

ಮಗ್ಗಿ ಇನ್ನೂ ಏಳರಲ್ಲೇ ಇದೆ.

ತಾರೀಕು 16, ಶನಿವಾರ

ಮನಸ್ಸು ಸರಿಯಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮಧ್ಯಾಹ್ನ ಅವಳು ಕೆಳಗೆ ದರ್ಜಿಯಮ್ಮನ ಮನೆಯಲ್ಲಿದ್ದಳು. ಲಿಫ್ಟು ಮೇಜಿನ ಮೇಲಿತ್ತು. ಗೂಡು ಒಂದು ಕಡೆ ವಾಲಿ, ಹತ್ತುವಾಗ ಡಬ್ಬಿಗೆ ಉಜ್ಜುತ್ತಿತ್ತು. ನೋಡಿಕೊಂಡು ಸುಮ್ಮನಿರಲು ನನ್ನ ಕೈಗೆ ಬರುವುದಿಲ್ಲ. ಸ್ವಲ್ಪ ಸರಿಮಾಡೋಣ ಎಂದು ಕೂತೆ. ಗಾಲಿಗೆ ಒಂದು ಚಿಕ್ಕ ಬೇರಿಂಗ್ ಹಾಕಿದೆ. ಕ್ಲಿಪ್ಪುಗಳ ಬದಲು ಎರಡು ನಟ್ಟು. ಬೆಂಕಿಪೊಟ್ಟಣದ ಬದಲು ತಗಡಿನದೊಂದು ಗೂಡು. ಬೆಣ್ಣೆಯಂತೆ ಓಡಿತು. ಅವಳಿಗೆ ತೋರಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಕಾದು ಕೂತೆ.

ಬಂದಳು. ನೋಡಿದಳು. ಮುಖ ಕೆಂಪಾಯಿತು.

"ಯಾಕೆ ಮುಟ್ಟಿದೆ? ನಿಂಗ್ಯಾರು ಹೇಳಿದ್ರು? ಇದು ನಂದು, ನಿಂದಲ್ಲ. ನನ್ನ ಕನ್ನಡಿ ಎಲ್ಲಿ ಹಾಕ್ದೆ? ನೀನು ಯಾವಾಗ್ಲೂ ಹಿಂಗೇ, ಅವತ್ತು ಜಾಯಿಂಟ್ ವೀಲ್ ಹತ್ರಾನೂ ಹಿಂಗೇ ಮಾಡ್ದೆ."

ನೀನು. ನಿಂದು. ಮುಟ್ಟಿದೆ. ಹಾಕ್ದೆ. ಒಂದರ ಮೇಲೊಂದು.

ನಮ್ಮ ಮನೆಯಲ್ಲಿ ಅಪ್ಪನಿಗೆ ನೀನು ಎಂದವರಿಲ್ಲ. ಅಪ್ಪ ಬಂದ ಅನ್ನುತ್ತಿರಲಿಲ್ಲ, ಅಪ್ಪ ಬಂದರು. ನನ್ನಮ್ಮ ಕೂಡ ಹಾಗೇ. ಇಷ್ಟುದ್ದದ ಹುಡುಗಿಯ ಬಾಯಲ್ಲಿ ಏಕವಚನ ಕೇಳಿ ನನಗೆ ಯಾರೋ ಕೊರಳಪಟ್ಟಿ ಹಿಡಿದ ಹಾಗಾಯಿತು. ಆದರೂ ದನಿ ಏರಿಸಲಿಲ್ಲ. "ನೋಡು, ಸಿಟ್ಟು ಬಂದ್ರೆ ಬರ್ಲಿ. ಆದ್ರೆ ದೊಡ್ಡವ್ರ ಹತ್ರ ಮಾತಾಡೋ ರೀತಿ ಇದಲ್ಲ. ನೀವು ಅನ್ಬೇಕು" ಅಂದೆ.

ನನ್ನನ್ನೇ ನೋಡಿದಳು. ಆಮೇಲೆ, "ತಪ್ಪಾಯ್ತು. ಇನ್ನು ಅನ್ನಲ್ಲ" ಎಂದು ಒಳಗೆ ಹೋದಳು.

ಅಷ್ಟು ಆಡಿಸಿ, ಸುತ್ತಿಸಿ, ಇವಳ ಮಗಳ ಮನಸ್ಸಿನಲ್ಲಿ ನನಗಿರುವ ಬೆಲೆ ಇಷ್ಟೇ ಎಂದು ಗೊತ್ತಾಯಿತು. ಗೌರವ ಇತ್ತು, ಈಗ ಅದೂ ಹೋಯಿತು. ಇವಳಿಗೆ ಫೋನಿನಲ್ಲಿ ಏನೂ ಹೇಳಲಿಲ್ಲ. ಅಲ್ಲಿ ಇವಳ ತಾಪತ್ರಯ ಇವಳಿಗೆ.

ತಾರೀಕು 17, ಭಾನುವಾರ

ಬುದ್ಧಿ ಹೇಳಿದ್ದು ನಾಟಿದೆ. "ನೀವು ಕಾಫಿ ಕುಡಿದ್ರಾ?" "ನೀವು ಮೊದ್ಲು ಸ್ನಾನ ಮಾಡ್ಕೊಳ್ಳಿ." ಒಂದೊಂದು ಮಾತಿಗೂ ನೀವು, ಇಸ್ತ್ರಿ ಮಾಡಿಟ್ಟ ಹಾಗೆ. ಲೆಕ್ಕ ಮಾಡಲು ತಾನೇ ಕೂತಳು.

ಲಿಫ್ಟು ಬೀರುವಿನ ಮೇಲೆ ಹೋಗಿದೆ. ಮುಂದುವರಿಸೋಣವೇ ಎಂದೆ. "ಚೆನ್ನಾಗೇ ಆಗಿದೆಯಲ್ಲ. ನೀವೇ ಮುಗಿಸ್ಬಿಡಿ" ಅಂದಳು.

ತಾರೀಕು 19, ಮಂಗಳವಾರ

ಬಾಗಿಲು ಕಿರುಗುಟ್ಟಿತು. ನಾನು ಅವಳ ಮುಖ ನೋಡಿದೆ. ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳು, ಅಷ್ಟೇ.

ಊಟ ಇವತ್ತು ನಿಜಕ್ಕೂ ಕೆಟ್ಟದಾಗಿತ್ತು. "ಚೆನ್ನಾಗಿದೆ" ಅಂದಳು.

ತಾರೀಕು 21, ಗುರುವಾರ

ಕೆಲಸದಿಂದ ಬಂದಾಗ ಇನ್‌ಸ್ಪೆಕ್ಟರ್ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು. ಬೂಟು ಬಿಚ್ಚುತ್ತಾ ಬಾಗಿಲಲ್ಲೇ ಕೂತೆ. "ಯಾವಾಗ ಬರ್ತೀಯ ನೀನು? ಸುಳ್ಳು ಹೇಳ್ಬೇಡ. ಹೋಗು, ನಿನ್ನ ಜೊತೆ ಮಾತಾಡಲ್ಲ. ಇಲ್ಲ ಇಲ್ಲ, ಫೋನ್ ಇಡ್ಬೇಡ." ಒಂದೇ ಉಸಿರಿಗೆ ಬೈಗುಳ, ಮುದ್ದು, ಅಳು ಎಲ್ಲ. ನನ್ನನ್ನು ನೋಡಿದ್ದೇ ನೆಟ್ಟಗೆ ಕೂತು, "ಅಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ, ತಗೊಳ್ಳಿ" ಎಂದು ಫೋನು ಕೊಟ್ಟು ಕೆಳಗೆ ಹೋದಳು.

ಇವಳು ಕೇಳಿದಳು, "ಏನಾಯ್ತು ನಿಮ್ಮಿಬ್ರಿಗೆ? ಮನೆ ಒಳ್ಳೆ ಬ್ಯಾಂಕ್ ಥರ ಕೇಳಿಸ್ತಿದೆ."

ಇನ್ನು ಮುಚ್ಚಿಡುವುದೇನು ಎಂದು ಹೇಳಿಬಿಟ್ಟೆ. ಮಗುವಿನ ತಪ್ಪೇನು ದೊಡ್ಡದಲ್ಲ, ನಾನೂ ತಾಳ್ಮೆಯಿಂದಲೇ ತಿದ್ದಿದೆ ಎಂದೂ ಸೇರಿಸಿದೆ.

"ನಿಮ್ಗೆ ನೀನು ಅಂದ್ಲಾ?"

"ಒಂದು ಸಲ ಅಲ್ಲ. ಐದಾರು ಸಲ."

"ಅದಕ್ಕೆ ನೀವು ಬೇಡ ಅಂದ್ರಾ?"

"ಮತ್ತೇನು, ಅನ್ನು ಅಂತ ಹೇಳ್ಬೇಕಿತ್ತಾ?"

"ಅವಳಪ್ಪ ಹೋದ್ಮೇಲೆ ದೊಡ್ಡವ್ರಲ್ಲಿ ಅವ್ಳು ನೀನು ಅನ್ನೋದು ನನಗೊಬ್ಳಿಗೇ. ಅಜ್ಜಿಗೂ ನೀವು, ದರ್ಜಿಯಮ್ಮಂಗೂ ನೀವು. ಅಪ್ಪಂಗೆ ಹೆಂಗೆ ಬೈತಿದ್ಲು ಗೊತ್ತಾ? ಬಾರೋ ಹೋಗೋ ಅಂತಿದ್ಲು, ಅವ್ರು ನಗ್ತಿದ್ರು. ಎಂಟು ತಿಂಗ್ಳಿಂದ ನಾನು ಬಾಗಿಲ ಹಿಂದೆ ನಿಂತು ಕಾಯ್ತಾ ಇದೀನಿ, ಯಾವತ್ತು ಇವ್ಳು ನಿಮಗೆ ಒಂದು ಸಲ ಬೈತಾಳೆ ಅಂತ. ಬಾಗ್ಲಿಗೆ ಬಂದದ್ದನ್ನ ನೀವೇ ವಾಪಸ್ ಕಳಿಸಿದ್ರಲ್ಲ."

ಇವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು. ನಾನು ಫೋನಿಟ್ಟು, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ತಾರೀಕು 23, ಶನಿವಾರ

ಬೈಸಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಬೇಕೆಂದೇ ಆಮ್ಲೆಟ್ ಸೀಯಿಸಿದೆ. "ಪರವಾಗಿಲ್ಲ, ನಿಮಗೂ ಸುಸ್ತಾಗಿರತ್ತೆ" ಅಂದಳು. ಅವಳ ಚಪ್ಪಲಿ ಬಚ್ಚಿಟ್ಟೆ. ಹಳೆಯದನ್ನು ಹಾಕಿಕೊಂಡು ಹೋದಳು. ಮಗ್ಗಿ ಹೇಳಿಸುವಾಗ, "ಏಳೆಂಟ್ಲೆ ಐವತ್ನಾಲ್ಕು" ಎಂದು ಜೋರಾಗಿ ಹೇಳಿಕೊಟ್ಟೆ. ಅವಳು ಪೆನ್ಸಿಲ್ ಕಚ್ಚಿಕೊಂಡು ನನ್ನನ್ನು ನೋಡಿದಳು. ಈಗ ಬರುತ್ತದೆ ಅಂದುಕೊಂಡೆ.

"ನೀವು ಸ್ವಲ್ಪ ತಪ್ಪು ಹೇಳ್ತಿದೀರಾ ಅನ್ಸತ್ತೆ" ಅಂದಳು.

ಇಷ್ಟು ಒಳ್ಳೆಯ ಮಗುವನ್ನು ನಾನು ಕಂಡಿಲ್ಲ. ನನ್ನ ಕರ್ಮ.

ಕೆಲಸದಲ್ಲಿ ನನ್ನ ಜೊತೆಗಾರ ಉದ್ದಣ್ಣನಿಗೆ ವಿಷಯ ಹೇಳಿದೆ. ಅವನಿಗೆ ಇಬ್ಬರು ಗಂಡುಮಕ್ಕಳು. "ಬೈಸ್ಕೊಳ್ಳೋದು ಹೇಗೆ ಅಂತ ಕೇಳ್ತಿದೀಯಲ್ಲ, ನಮ್ಮನೇಗೆ ಬಂದು ಎರಡು ದಿನ ಇರು" ಅಂದ. ಇವನಿಂದ ಏನೂ ಪ್ರಯೋಜನವಿಲ್ಲ.

ತಾರೀಕು 24, ಭಾನುವಾರ

ನೆಟ್ಟಗೆ ಕೇಳಿಬಿಟ್ಟೆ. ಎಲೆ ಆರಿಸಲು ಪಾರ್ಕಿಗೆ ಹೋಗಿದ್ದೆವು. ಸೆಖೆಗೆ ಎಲೆಗಳು ಮರದಲ್ಲೇ ಒಣಗಿದ್ದವು, ನಮಗೆ ಕೆಲಸ ಕಡಿಮೆ. ನಮ್ಮ ಇನ್‌ಸ್ಪೆಕ್ಟರ್ ತೂತಿಲ್ಲದ ಎಲೆ ಮಾತ್ರ ಪಾಸು ಮಾಡುತ್ತಿದ್ದಳು. ಬೆಂಚಿನ ಮೇಲೆ ಕೂತಾಗ ಹೇಳಿದೆ.

"ಅವತ್ತು ನಾನು ಹೇಳಿದ್ದು ತಪ್ಪು. ಲಿಫ್ಟ್ ಮುಟ್ಟಿದ್ದೂ ತಪ್ಪು. ನನಗೆ ನೀನು ಅನ್ನು, ಪರವಾಗಿಲ್ಲ."

"ನೀವೇ ಬೇಡ ಅಂದ್ರಲ್ಲ."

"ಹೌದು. ನನಗೆ ಗೊತ್ತಾಗ್ಲಿಲ್ಲ."

"ಏನು ಗೊತ್ತಾಗ್ಲಿಲ್ಲ?"

ನೀನು ಅಂದರೆ ನನ್ನನ್ನು ಕೆಳಗೆ ಇಳಿಸಿದ್ದಲ್ಲ, ಒಳಗೆ ಕರೆದದ್ದು ಎಂದು ಗೊತ್ತಾಗಲಿಲ್ಲ. ಒಂಬತ್ತು ವರ್ಷದವಳಿಗೆ ಅದನ್ನು ಹೇಗೆ ಹೇಳುವುದೋ ತಿಳಿಯದೆ, "ನಾನು ದಡ್ಡ" ಅಂದೆ.

ಒಂದು ಎಲೆಯನ್ನು ಸೂರ್ಯನಿಗೆ ಹಿಡಿದು ತಿರುಗಿಸಿ ನೋಡಿದಳು. "ನೀವು ಹೇಳಿದ ತಕ್ಷಣ ಬರಲ್ಲ ಅದು" ಅಂದಳು. ಸಿಟ್ಟಿನಿಂದಲ್ಲ. ಮಳೆ ಇವತ್ತು ಬರಲ್ಲ ಎಂದು ಹೇಳುವ ಹಾಗೆ. ಆ ಎಲೆಯನ್ನು ಚೀಲಕ್ಕೆ ಹಾಕುತ್ತಾ, "ನಂಗೂ ಟ್ರೈ ಮಾಡಿದ್ರೆ ಬರ್ತಿಲ್ಲ" ಎಂದೂ ಅಂದಳು.

ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಎಲೆಯ ಚೀಲದ ಒಂದೊಂದು ಕಿವಿ ಹಿಡಿದುಕೊಂಡು ಬಂದೆವು.

ತಾರೀಕು 27, ಬುಧವಾರ

ಮೆಕ್ಯಾನಿಕ್ ಆದವನು ತೆಗೆದ ಭಾಗವನ್ನು ಎಸೆಯುವುದಿಲ್ಲ. ಬೆಂಕಿಪೊಟ್ಟಣ, ಕನ್ನಡಿ, ಅರ್ಧ ರಬ್ಬರು, ಕ್ಲಿಪ್ಪುಗಳು ಎಲ್ಲ ನನ್ನ ಸಾಮಾನಿನ ಪೆಟ್ಟಿಗೆಯಲ್ಲೇ ಇದ್ದವು. ಸಂಜೆ ಲಿಫ್ಟನ್ನು ಬೀರುವಿನಿಂದ ಇಳಿಸಿ, ಅವಳ ಎದುರಿಗೇ ನನ್ನ ಬೇರಿಂಗು, ನಟ್ಟು, ತಗಡು ಒಂದೊಂದಾಗಿ ಬಿಚ್ಚಿದೆ. ಅವಳದ್ದನ್ನೆಲ್ಲ ಮೇಜಿನ ಮೇಲಿಟ್ಟು, ಕೈಗಳನ್ನು ತೊಡೆಯಡಿ ಹಾಕಿಕೊಂಡು ಕೂತೆ.

ಅವಳು ಕುರ್ಚಿ ಎಳೆದುಕೊಂಡು ಬಂದಳು. ಗಾಲಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಗೂಡು ವಾಲಿತು. ನನ್ನ ಕೈ ತುರಿಸಿತು, ತಾಳಿಕೊಂಡೆ. ನಾಲಿಗೆಯನ್ನು ಹಲ್ಲಿನ ಕಿಂಡಿಯಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಾಳೆ ಮಗಳು. ಕೆಲಸ ಜೋರಾದರೆ ನಾನೂ ಹಾಗೇ ಎಂದು ಉದ್ದಣ್ಣ ಗೇಲಿ ಮಾಡುತ್ತಿರುತ್ತಾನೆ. ಇದನ್ನು ಯಾರಿಂದ ಕಲಿತಳೋ.

ಕೊನೆಗೆ ಎರಡು ಕೈ ಸಾಲದಾದಾಗ, ಮುಖ ಎತ್ತದೆ, "ಅದೂ... ಈ ದಾರ ಹಿಡ್ಕೋಬೇಕು" ಅಂದಳು.

ನೀವು ಹೋಗಿ 'ಅದೂ' ವಾಪಸ್ ಬಂದಿದೆ. ಮೂರನೆಯ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ ಲಿಫ್ಟು ಎರಡಕ್ಕೆ ಇಳಿಯಿತು. ದಾರ ಹಿಡಿದುಕೊಂಡೆ. ಅವಳು ಬಿಡು ಎನ್ನುವವರೆಗೂ ಅಲ್ಲಾಡಲಿಲ್ಲ. ಬಿಡು ಎನ್ನಲಿಲ್ಲ, "ಈಗ ಬಿಡಬಹುದು" ಅಂದಳು.

ತಾರೀಕು 30, ಶನಿವಾರ

ಅತ್ತೆ ಕೋಲು ಹಿಡಿದು ಬಾಗಿಲವರೆಗೆ ನಡೆದರಂತೆ. ಇವಳು ಗುರುವಾರ ಬರುತ್ತಾಳೆ.

ಎಲೆ ಅಂಟಿಸಿಯಾಯಿತು, ನನ್ನ ಬೆರಳುಗಳೂ ಅಂಟಿಕೊಂಡವು. ಲೆಕ್ಕ ಮುಗಿಯಿತು. ಪ್ರಬಂಧದ ಕೊನೆಯ ಪುಟ ಬರೆಯುತ್ತಾ ಒಬ್ಬಳೇ ನಗುತ್ತಿದ್ದಳು. ಏನೆಂದರೆ ಹೇಳುವುದಿಲ್ಲವಂತೆ. ಲಿಫ್ಟು ಹತ್ತುತ್ತದೆ, ಇಳಿಯುತ್ತದೆ, ನಡುವೆ ಎಲ್ಲೋ ಒಮ್ಮೊಮ್ಮೆ ಯೋಚನೆ ಮಾಡುತ್ತಾ ನಿಲ್ಲುತ್ತದೆ. ನಾನು ಮುಟ್ಟಿಲ್ಲ.

ಮರುತಿಂಗಳ 1, ಸೋಮವಾರ

ಇವಳಿಗೆ ಫೋನಿನಲ್ಲಿ ಎರಡು ಸಲ ಹೇಳಿದ್ದಾಯಿತು. ಒಂದಕ್ಷರ ಬಿಡಬೇಡಿ, ಪೂರ್ತಿ ಹೇಳಿ ಎಂದು ಮತ್ತೆ ಹೇಳಿಸಿದಳು. ಆದರೂ ಬರೆದಿಡುತ್ತೇನೆ.

ಬೆಳಿಗ್ಗೆ ಮಗಳನ್ನೂ ಲಿಫ್ಟನ್ನೂ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟೆ. ಮೊದಲ ದಿನ ಅರ್ಧ ದಿನವಷ್ಟೇ ಶಾಲೆ, ಮಧ್ಯಾಹ್ನ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಹೊರಡುವ ಹೊತ್ತಿಗೆ ಸರಿಯಾಗಿ ಒಂದು ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಒಬ್ಬ ಅಜ್ಜ, ಕೈಯಲ್ಲಿ ಹಾಲಿನ ಡಬ್ಬಿ. ಬಿಟ್ಟು ಬರುವುದು ಹೇಗೆ? ಶಾಲೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಅಜ್ಜನನ್ನು ಹೊರಗೆ ತಂದು, ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ಸ್ಕೂಟರು ಓಡಿಸಿದೆ. ದಾರಿಯುದ್ದಕ್ಕೂ ಕೆಟ್ಟದ್ದೇ ಹೊಳೆಯುತ್ತಿತ್ತು. ಗೇಟಿನಿಂದ ಆಚೆ ಬಂದಿದ್ದರೆ? ಒಬ್ಬಳೇ ರಸ್ತೆ ದಾಟಿದ್ದರೆ?

ಗೇಟಿನ ಒಳಗೆ ಯಾರೂ ಇರಲಿಲ್ಲ. ಕಾವಲುಗಾರ ಒಬ್ಬ, ಮತ್ತು ಮೆಟ್ಟಿಲ ಮೇಲೆ ಲಿಫ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಗಳು. ಅತ್ತು ಅತ್ತು ಕಣ್ಣು ಊದಿತ್ತು. ನನ್ನನ್ನು ಕಂಡದ್ದೇ ತಡ, ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಶುರುವಾಯಿತು.

"ಎಲ್ಲಿ ಹೋಗಿದ್ದೆ ನೀನು? ಎಲ್ರೂ ಹೋದ್ರು. ಎಲ್ರ ಅಪ್ಪಾನೂ ಬಂದ್ರು, ನೀನೊಬ್ಬನೇ ಬರ್ಲಿಲ್ಲ. ಬುದ್ಧಿ ಇದೆಯಾ ನಿಂಗೆ? ಅಜ್ಜಿ ಥರ ನೀನೂ ಎಲ್ಲೋ ಬಿದ್ದೋದೆ ಅಂದ್ಕೊಂಡೆ ನಾನು."

ಕಾವಲುಗಾರ ಪಾಪ ಇನ್ನೊಂದು ಕಡೆ ತಿರುಗಿಕೊಂಡ. ನಾನು ಮೊಣಕಾಲೂರಿ ಕೂತು, ತಪ್ಪಾಯ್ತು, ಒಬ್ಬ ಅಜ್ಜ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದರು ಅಂದೆ. "ಸಿಕ್ಕಿಕೊಳ್ಳಲಿ" ಎಂದು ನನ್ನ ಭುಜಕ್ಕೆ ಒಂದು ಗುದ್ದಿದಳು. ಆಮೇಲೆ ಅದೇ ಭುಜಕ್ಕೆ ಮುಖ ಒತ್ತಿಕೊಂಡಳು. ಅಂಗಿಗೆ ಕಣ್ಣೀರು, ಅವಳ ಯೂನಿಫಾರ್ಮಿಗೆ ನನ್ನ ಕೈಯ ಎಣ್ಣೆ. "ಹೊಸ ಯೂನಿಫಾರ್ಮ್ ಇದು, ನೋಡು ಇಲ್ಲಿ, ಏನ್ ಮಾಡ್ದೆ" ಎಂದು ಅದಕ್ಕೂ ಬೈದಳು.

ಸ್ಕೂಟರು ಹತ್ತಿದ ಮೇಲೂ ನಿಲ್ಲಲಿಲ್ಲ. ಹಿಂದೆ ಕೂತು, ಒಂದು ಕೈಯಲ್ಲಿ ಲಿಫ್ಟು, ಇನ್ನೊಂದರಲ್ಲಿ ನನ್ನ ಹೊಟ್ಟೆಯ ಮೇಲಿನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡು ಬೈಯುತ್ತಲೇ ಇದ್ದಳು. ಲಿಫ್ಟು ಟೀಚರ್ ಮುಂದೆ ಎರಡು ಸಲ ನಿಂತುಹೋಯಿತಂತೆ, ಎಲ್ಲರೂ ನಕ್ಕರಂತೆ, ನೀನು ಅಲ್ಲಿ ಇರಬೇಕಿತ್ತಂತೆ. ನೀನು ನಿಧಾನ ಓಡಿಸು, ನೀನು ಆ ಗುಂಡಿ ನೋಡ್ಲಿಲ್ವಾ, ನೀನು ನಾಳೇನೂ ಲೇಟ್ ಮಾಡಿದ್ರೆ ನೋಡು. ನಾನು ಹೂಂ ಅನ್ನುತ್ತಿದ್ದೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅಲ್ಲಿಂದ ಮನೆ ಹತ್ತಿರ. ಎಡಕ್ಕೆ ತಿರುಗಿದರೆ ಬಂದೇಬಿಡುತ್ತದೆ. ನಾನು ಬಲಕ್ಕೆ ತಿರುಗಿ ಕೆರೆಯ ಸುತ್ತಿನ ದಾರಿ ಹಿಡಿದೆ.

"ಎಲ್ಲಿಗೆ ಹೋಗ್ತಿದೀಯ? ದಾರೀನೂ ಗೊತ್ತಿಲ್ವಾ ನಿಂಗೆ?" ಅಂದಳು ಮಗಳು.